ಬಂಪರಿನ ಎಡತುದಿ

ಡೈರಿಗೆ ಹಾಲು ಹಾಕಿ ಬಂದ ಲತಾಮಣಿ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕೂತು ಕ್ಯಾನು ಉಜ್ಜುತ್ತಿದ್ದಳು. ಕ್ಯಾನಿನ ಕುತ್ತಿಗೆಯೊಳಗೆ ಜಿಡ್ಡು ಉಳಿದುಬಿಟ್ಟರೆ ಮಾರನೆಯ ದಿನದ ಹಾಲೆಲ್ಲ ಒಡೆಯುತ್ತದೆ. ಅದಕ್ಕೇ ತೆಂಗಿನ ನಾರನ್ನು ಉಂಡೆ ಮಾಡಿ, ಬೂದಿಯಲ್ಲಿ ಅದ್ದಿ, ಕೈಯನ್ನು ಮೊಣಕೈವರೆಗೂ ತೂರಿಸಿ ತಿಕ್ಕುವುದು ಅವಳ ಪದ್ಧತಿ. ಕೈ ಹಾಗೆ ಒಳಗಿರುವಾಗಲೇ ಬೇಲಿಯಾಚೆಯಿಂದ ಚೈತ್ರಾಳ ದನಿ ಕೇಳಿಸಿತು.

"ಲತಕ್ಕಾ, ಒಸಿ ಬತ್ತೀಯಾ ಇಲ್ಲಿ?"

ಚೈತ್ರಾ ಎರಡು ಮನೆ ಆಚೆಯವಳು. ಅವಳ ಮಗ ಚಿನ್ನು ಒಂದನೇ ಕ್ಲಾಸು. ಲತಾಮಣಿಯ ಗಂಡ ಕೆಂಪರಾಜುವಿನ ಓಮ್ನಿಯಲ್ಲೇ ಅವನು ದಿನಾ ಸೋಲೂರಿನ ಸ್ಕೂಲಿಗೆ ಹೋಗಿಬರುವುದು. ಊರಿನ ಇನ್ನೂ ಏಳೆಂಟು ಮಕ್ಕಳು ಅದೇ ಗಾಡಿಯಲ್ಲಿ.

"ಬೇಜಾರ್ ಮಾಡ್ಕೋಬ್ಯಾಡ ಕಣಕ್ಕ. ನಿನ್ನೆ ಮದ್ಯಾನ ಕೆಂಪರಾಜಣ್ಣ ನಮ್ ಗೇಟಿನ ಕಂಬಕ್ಕೆ ಗಾಡಿ ಉಜ್ಬುಟ್ರು. ಓದ್ ವಾರನೂ ಇಂಗೇ ಆಗಿತ್ತು. ಕಂಬ ಓದ್ರೆ ಓಗ್ಲಿ, ಇನ್ನೊಂದು ನೆಡ್ಬೋದು. ಒಳ್ಗಡೆ ಮಕ್ಳವಲ್ಲ ಅಂತ..." ಚೈತ್ರಾ ಹಿಂದೆ ಮುಂದೆ ನೋಡಿ ದನಿ ಇಳಿಸಿದಳು. "ಏನಾರ ಹಾಕ್ಕೊಂಡು ಓಡುಸ್ತಾರಾ ಅಣ್ಣ? ಜನ ಅಂತಾವ್ರೆ ಕಣಕ್ಕ, ನಾನಲ್ಲ."

"ಯಾವ ಜನ?"

"ಜನ ಅಂದ್ರೆ... ನಮ್ಮತ್ತೆ."

ಬೇರೆ ದಿನವಾಗಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರು. ಲತಾಮಣಿಗೆ ನಗು ಬರಲಿಲ್ಲ. "ಅವ್ರು ಕುಡಿಯೋರಲ್ಲ ಕಣೆ. ನಿಂಗೇ ಗೊತ್ತು" ಅಂದಳು.

"ಗೊತ್ತು. ಅದ್ಕೇ ನಿನ್ನನ್ನೇ ಕೇಳಕ್ಕೆ ಬಂದೆ. ನಾಳೆ ಚಿನ್ನುನ ಕಳಿಸ್ಲೋ ಬ್ಯಾಡ್ವೋ ನೀನೇ ಏಳ್ಬುಡು. ನೀನು ಕಳ್ಸು ಅಂದ್ರೆ ಕಳುಸ್ತೀನಿ. ಮರುಮಾತಾಡಲ್ಲ."

ಹೇಳಿ ಅವಳು ಹೊರಟೇಹೋದಳು. ಹುಲ್ಲಿನ ಹೊರೆ ಇಳಿಸಿ ಇನ್ನೊಬ್ಬರ ತಲೆಗೆ ಹೊರಿಸಿದ ಹಾಗೆ. ಲತಾಮಣಿ ಕ್ಯಾನನ್ನು ಅರ್ಧಕ್ಕೇ ಬಿಟ್ಟು, ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡು, ಗಂಡನಿಗೆ ಕಾಫಿ ಬಸಿದುಕೊಂಡು ಮನೆಯ ಮುಂದಕ್ಕೆ ನಡೆದಳು.

ಭಾನುವಾರವೆಂದರೆ ಕೆಂಪರಾಜು ಹೊಂಗೆ ಮರದ ನೆರಳಲ್ಲಿ ಇರುತ್ತಾನೆ. ಹುಡುಕುವ ಅಗತ್ಯವೇ ಇಲ್ಲ. ಊರವರ ಕಣ್ಣಿಗೆ ಆ ಓಮ್ನಿ ಒಂದು ಹಳೇ ಡಬ್ಬ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಅವನಿಗೆ ಅದೇ ಸರ್ವಸ್ವ. ಮದುವೆಗೆ ಮುಂಚೆ ನೆಲಮಂಗಲದ ಒಂದು ಗ್ಯಾರೇಜಿನಲ್ಲಿ ಗಾಡಿ ತೊಳೆಯುತ್ತಿದ್ದವನು; ಅಲ್ಲಿ ಕಲಿತ ಕ್ರಮವನ್ನು ಇವತ್ತಿಗೂ ತಪ್ಪಿಸಿದವನಲ್ಲ. ಮೊದಲು ಶಾಂಪೂ ನೀರಲ್ಲಿ ಇಡೀ ಗಾಡಿಗೆ ಸ್ನಾನ. ಆಮೇಲೆ ಬಿಳಿ ಬಾಡಿಗೆ ಪಾಲಿಶ್. ಅದಕ್ಕೆ ಮುಂಚೆ ಬಂಪರು, ಬಾಗಿಲುದ್ದದ ಕಪ್ಪು ಪಟ್ಟಿಯಾದ ಬೀಡಿಂಗು, ಕನ್ನಡಿಯ ಬೆನ್ನು, ಹೀಗೆ ಕಪ್ಪು ಪ್ಲಾಸ್ಟಿಕ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಟೇಪು ಅಂಟಿಸಬೇಕು. ಬಿಳಿ ಪಾಲಿಶ್ ಕಪ್ಪಿಗೆ ತಗುಲಿದರೆ ಅದರ ಸಣ್ಣ ಸಣ್ಣ ತರಿಗಳಲ್ಲಿ ಕೂತು ಸುಣ್ಣದ ಹಾಗೆ ಒಣಗುತ್ತದೆ, ಏನು ಮಾಡಿದರೂ ಏಳುವುದಿಲ್ಲ. ಕೊನೆಗೆ ಟೇಪು ಕಿತ್ತು, ಆ ಕಪ್ಪನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ತೇವ ಪೂರಾ ಆರಿದ ಮೇಲೆ ಕಪ್ಪಿಗೆಂದೇ ಬರುವ ಬಾಟಲಿಯ ಪಾಲಿಶನ್ನು ಸ್ಪಂಜಿನಲ್ಲಿ ತೆಳ್ಳಗೆ ಸವರುವುದು. ಒಂದಷ್ಟು ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿದರೆ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ಕು ಕೆರೆಯಿಂದ ಆಗಷ್ಟೇ ಎದ್ದುಬಂದ ಎಮ್ಮೆಯ ಬೆನ್ನಿನಂತೆ ಕರ್ರಗೆ ಮಿರುಗುತ್ತಿತ್ತು.

ಊರಿನ ಮಿಕ್ಕ ಗಾಡಿಯವರೆಲ್ಲ ಇದಕ್ಕೆ ಮನೆಯ ಕೊಬ್ಬರಿ ಎಣ್ಣೆಯನ್ನೇ ಬಳಿಯುತ್ತಿದ್ದರು. "ಎಣ್ಣೆ ತಲೆಗೆ ಕಣ್ಲಾ, ಬಂಪರಿಗಲ್ಲ" ಎಂದು ಕೆಂಪರಾಜು ಅವರನ್ನು ರೇಗಿಸುವನು. "ಸಾಯಂಕಾಲದೊತ್ಗೆ ಸೋಲೂರು ರೋಡಿನ ಧೂಳೆಲ್ಲ ನಿನ್ ಗಾಡಿ ಮೇಲೇ ಇರ್ತದೆ. ರಾಗಿ ಬಿತ್ಬೋದು."

ಲತಾಮಣಿ ಹೋದಾಗ ಅವನು ಹಿಂದಿನ ಬಂಪರಿಗೆ ಬಗ್ಗಿ ಸ್ಪಂಜು ಎಳೆಯುತ್ತಿದ್ದ. ಅವಳು ಅವನ ಎಡಗಡೆಯಿಂದ ಹೋಗಿ, ಕಾಫಿ ಲೋಟ ಹಿಡಿದು, ಕೈಗೆಟಕುವಷ್ಟು ಹತ್ತಿರ ನಿಂತಳು. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಕಾದಳು. ಲೋಟದ ಹಬೆ ಇಬ್ಬರ ನಡುವೆ ಏಳುತ್ತಿತ್ತು. ಕೊನೆಗೆ ಅವಳು ಭುಜ ಮುಟ್ಟಿದಳು. ಅವನು ಬೆಚ್ಚಿಬಿದ್ದು ಸ್ಪಂಜನ್ನೇ ಕೆಳಕ್ಕೆ ಬಿಟ್ಟ.

"ಥೂ! ಕಳ್ಳಿ ಥರ ಬತ್ತೀಯಲ್ಲಮ್ಮಿ. ಒಂದು ಸದ್ದು ಮಾಡ್ಬಾರ್ದಾ?"

"ಆಗ್ಲಿಂದ ಇಲ್ಲೇ ನಿಂತಿವ್ನಿ."

"ನಿಂತಿದ್ದೆ ಬುಡು ನೀನು" ಎಂದು ನಗುತ್ತ ಅವನು ತಲೆಯನ್ನು ಪೂರಾ ತಿರುಗಿಸಿ ಲೋಟ ಈಸಿಕೊಂಡ. ಬರೀ ಕಣ್ಣು ತಿರುಗಿಸಿದ್ದರೆ ಸಾಕಿತ್ತು. ಹಸು ಕುತ್ತಿಗೆ ಹೊರಳಿಸುವ ಹಾಗೆ ತಲೆಯನ್ನೇ ಹೊರಳಿಸಿದ್ದು ಅವಳ ಮನಸ್ಸಿಗೆ ಚುರುಕ್ಕೆಂದಿತು.

ಗಾಡಿಯ ಮುಂದಕ್ಕೆ ಬಂದು ನೋಡಿದಳು. ಮುಂದಿನ ಬಂಪರು ಕರ್ರಗೆ ಹೊಳೆಯುತ್ತಿತ್ತು, ಎಡಗೈ ಕಡೆಯ ಒಂದು ಗೇಣು ಬಿಟ್ಟು. ಆ ಗೇಣು ಮಾತ್ರ ಬೂದಿ ಬಣ್ಣ. ಬ್ರಷ್ಷು ಕೂಡ ಮುಟ್ಟಿರಲಿಲ್ಲ, ಕೆಸರಿನ ಚುಕ್ಕೆಗಳು ಹಾಗೇ ಇದ್ದವು. ಮರೆತಿರಬೇಕು ಅಂದುಕೊಂಡಳು. ಬಾಗಿಲಿನ ಕಡೆ ಹೋದಳು. ಬೀಡಿಂಗಿನ ಎಡತುದಿ ಬೂದಿ. ಅಲ್ಲಿ ಬಿಳಿ ಪಾಲಿಶ್ ಕಪ್ಪಿನ ಮೇಲೆ ಹರಿದು ಸುಣ್ಣದಂತೆ ಒಣಗಿಹೋಗಿತ್ತು. ಟೇಪನ್ನು ಅಲ್ಲಿಗೆ ಎಳೆದೇ ಇರಲಿಲ್ಲ. ಆಚೆ ಬದಿಗೆ ಹೋಗಿ ನಿಂತಳು. ಅಲ್ಲೂ ಎಡತುದಿ. ಯಾವ ಕಡೆ ಹೋಗಿ ನಿಂತರೂ ಎಡಗೈ ಕಡೆಯದೇ ಬಿಟ್ಟುಹೋಗಿತ್ತು. ಅದು ಗಾಡಿಯ ಎಡವಲ್ಲ, ನಿಂತು ಕೆಲಸ ಮಾಡಿದವನ ಎಡ.

ಅಷ್ಟರಲ್ಲಿ ಒಳಗಿಂದ ಮಗಳು ನವ್ಯಶ್ರೀ ಓಡಿಬಂದಳು. ಐದನೇ ಕ್ಲಾಸಿನ ಹುಡುಗಿ. ಭಾನುವಾರವೆಂದು ಹೊತ್ತು ಏರುವವರೆಗೂ ಮಲಗಿಬಿಟ್ಟಿದ್ದಳು, ಜಡೆ ಬಿಚ್ಚಿಹೋಗಿತ್ತು. ಅಮ್ಮನನ್ನು ಗಮನಿಸದೆ ಕಿಟಕಿಗೆ ನೇತುಹಾಕಿದ್ದ ಬಟ್ಟೆ ಎಳೆದುಕೊಂಡು, ಬಕೆಟ್ಟಿಗೆ ಅದ್ದಿ, ನೆಟ್ಟಗೆ ಹೋಗಿ ಮುಂದಿನ ಬಂಪರಿನ ಆ ಒಂದು ಗೇಣಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತಳು. ಎಲ್ಲಿ ಬಿಟ್ಟಿದೆ ಎಂದು ಹುಡುಕಲೂ ಇಲ್ಲ.

ಲತಾಮಣಿ ಅವಳ ಪಕ್ಕದಲ್ಲೇ ಕೂತು, ಬಿಚ್ಚಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. "ಏನ್ ಮಾಡ್ತಿದೀಯ ಕಂದ?"

ಹುಡುಗಿಯ ಕೈ ನಿಂತಿತು. "ಒರುಸ್ತಾ ಇವ್ನಿ."

"ಇಲ್ಲೇ ಯಾಕೆ?"

"ಅಪ್ಪ ಇಲ್ಲಿ ಬುಟ್ಬುಡ್ತಾನೆ. ಅವ್ನು ಹಿಂದಕ್ಕೋದಾಗ ನಾನು ಮುಗಿಸ್ಬುಡ್ತೀನಿ. ಇವತ್ತು ನಿದ್ದೆ ಬಂದ್ಬುಡ್ತು."

"ಯಾವತ್ತಿಂದ?"

ನವ್ಯ ಬಟ್ಟೆ ಹಿಂಡಿದಳು, ಮತ್ತೆ ಹಿಂಡಿದಳು. ನೀರು ಬರುವುದು ನಿಂತಮೇಲೂ ಹಿಂಡುತ್ತಲೇ ಇದ್ದಳು. "ಪಿತ್ತ ಆಗಿ ಬಿದ್ದಿದ್ನಲ್ಲ, ಅದಾದ್ಮೇಲಿಂದ. ಅಪ್ಪಂಗೆ ಏಳ್ಬ್ಯಾಡಮ್ಮ."

ಗೌರಿ ಹಬ್ಬದ ಹಿಂದುಮುಂದು ಕೆಂಪರಾಜು ಒಂದು ಬೆಳಿಗ್ಗೆ ಕೊಟ್ಟಿಗೆಯ ಮುಂದೆ ತಲೆ ತಿರುಗಿ ಕುಸಿದಿದ್ದ. ವಾಂತಿಯಾಗಿತ್ತು, ತಲೆ ಸಿಡಿಯುತ್ತದೆ ಅಂದಿದ್ದ. ಅತ್ತೆ ಶಿವಲಿಂಗಮ್ಮ, "ಪಿತ್ತ ನೆತ್ತಿಗೇರೈತೆ, ಖಾಲಿ ಹೊಟ್ಟೇಲಿ ಕಾಫಿ ಕುಡ್ದು ಕುಡ್ದು ಇಂಗಾಗೈತೆ" ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ, ನೆತ್ತಿಗೆ ಹರಳೆಣ್ಣೆ ಒತ್ತಿ, ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಎರಡು ದಿನಕ್ಕೆ ಎದ್ದು ಕೂತ. ಪಿತ್ತ ಇಳಿಯಿತೆಂದು ಎಲ್ಲರೂ ನಿರಾಳವಾದರು. ಆಸ್ಪತ್ರೆಗೆ ಹೋಗೋಣ ಎಂದು ಒಂದು ಮಾತು ಅಂದಿದ್ದ ಲತಾಮಣಿಯೂ, ಅವನು ಎದ್ದು ಮುದ್ದೆ ಉಂಡದ್ದು ಕಂಡು ಆ ಮಾತು ಬಿಟ್ಟಿದ್ದಳು.

ಈಗ ಒಂದೊಂದೇ ನೆನಪಾಗತೊಡಗಿತು. ತಟ್ಟೆಯ ಎಡಬದಿಗೆ ಉಪ್ಪಿನಕಾಯಿ ಹಾಕಿದ್ದರೂ "ಉಪ್ಪಿನಕಾಯಿ ಇಕ್ಲೇ ಇಲ್ವಲ್ಲಮ್ಮಿ" ಅನ್ನುತ್ತಿದ್ದ. ಕಣ್ಮುಂದೆ ಐತಲ್ಲ ಎಂದು ಅವಳೇ ತಟ್ಟೆ ತಿರುಗಿಸಿಡುತ್ತಿದ್ದಳು. ಆಯುಧಪೂಜೆಯ ದಿನ ಗಾಡಿಗೆ ಕಟ್ಟಿದ ಚೆಂಡುಹೂವಿನ ಹಾರ ಒಂದೇ ಕಡೆಗೆ ಜಗ್ಗಿತ್ತು. ಗಾಡಿ ಸೊಟ್ಟ ನಗ್ತೈತೆ ಎಂದು ಮನೆಯವರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ. ಮೂರು ತಿಂಗಳಿಂದ ಕಣ್ಣೆದುರೇ ಇದ್ದದ್ದನ್ನು ತಾನು ತಟ್ಟೆ ತಿರುಗಿಸಿಟ್ಟು ತಿರುಗಿಸಿಟ್ಟು ಮುಚ್ಚಿಬಿಟ್ಟೆನಲ್ಲ ಎಂದು ಅವಳಿಗೆ ಅನಿಸಿತು.

"ಗಾಡೀಲಿ ಓಗೋವಾಗ?" ಎಂದು ಮೆಲ್ಲಗೆ ಕೇಳಿದಳು. "ನೀನು ಮುಂದೆ ಕೂತಿರ್ತೀಯಲ್ಲ, ಆಗ?"

"ಆಗ ನಾನು ಕಂಡಕ್ಟ್ರು."

ಅಪ್ಪ ಮಗಳ ಆ ಆಟ ಊರಿಗೆಲ್ಲ ಗೊತ್ತಿತ್ತು. ನವ್ಯ ಮುಂದಿನ ಸೀಟಿನಲ್ಲಿ ಕೂತು ಬಸ್ಸಿನ ಕಂಡಕ್ಟರನ ಹಾಗೆ "ಲೆಫ್ಟ್ ಬೈಕು, ಬರ್ಲಿ ಬರ್ಲಿ, ಓಲ್ಡಾನ್, ರೈಟ್ ರೈಟ್" ಎಂದು ದಾರಿಯುದ್ದ ಕೂಗುತ್ತಿದ್ದಳು. ಹಿಂದೆ ಕೂತ ಮಕ್ಕಳೆಲ್ಲ ಅದನ್ನೇ ಕೋರಸ್ಸಿನಲ್ಲಿ ಹೇಳುತ್ತಿದ್ದರು. ಎಂಥ ಮುದ್ದಾದ ಆಟ ಎಂದು ಲತಾಮಣಿ ಅದೆಷ್ಟು ಸಲ ಬಾಗಿಲಲ್ಲಿ ನಿಂತು ನೋಡಿದ್ದಳೋ.

"ನಿನ್ನೆ ಮದ್ಯಾನ ಚಿನ್ನು ಮನೆ ಗೇಟಿಗೆ ತಗುಲ್ತಂತೆ?"

"ನಿನ್ನೆ ನಾನು ಚಿನ್ನುಗೆ ಶೂ ಲೇಸ್ ಕಟ್ತಿದ್ನಮ್ಮ" ಎಂದಳು ನವ್ಯ. ಕಣ್ಣಲ್ಲಿ ನೀರು ತುಂಬಿಕೊಂಡಿತು. "ನೋಡ್ಲಿಲ್ಲ. ನಂದೇ ತಪ್ಪು."

ಲತಾಮಣಿ ಮಗಳ ಒದ್ದೆ ಕೈಯನ್ನು ತನ್ನ ಕೈಯೊಳಗೆ ಮುಚ್ಚಿ ಹಿಡಿದಳು. ಗಂಡ ಕುಡಿದೇ ಓಡಿಸಿದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನಿಸಿಬಿಟ್ಟಿತು. ಕುಡಿತವಾದರೆ ಬೈದು, ಅತ್ತು, ದೇವರ ಮುಂದೆ ಆಣೆ ಹಾಕಿಸಿ ಬಿಡಿಸಬಹುದು. ಇದನ್ನು ಏನೆಂದು ಬೈಯುವುದು?

ಅವಳು ಎದ್ದು ಹಿಂದಕ್ಕೆ ಹೋದಳು. ಕೆಂಪರಾಜು ಬಂಪರು ಒರೆಸಿ ಮುಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. "ಎಂಗೈತೆ?" ಅಂದ. ಮುಖದಲ್ಲಿ ತೃಪ್ತಿ ಇತ್ತು.

"ಆ ತುದಿ ಬುಟ್ಟೋಗೈತೆ."

"ಯಾವ ತುದಿ?" ಅವನು ತಲೆ ಹೊರಳಿಸಿದ. ಆಗ ಅದು ಕಂಡಿತು. ಮುಖದ ತೃಪ್ತಿ ಒಣಗಿತು. "ಪಾಲಿಶ್ ಸಾಕಾಗ್ಲಿಲ್ಲ."

ಬಾಟಲಿ ಅವನ ಕಾಲ ಬಳಿಯೇ ಇತ್ತು. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಇಬ್ಬರೂ ಅದನ್ನು ನೋಡಿದರು.

"ಆಸ್ಪತ್ರೆಗೆ ಓಗ್ಬರಣ" ಎಂದಳು ಲತಾಮಣಿ. "ಮಾಗಡೀಲಿ ಕಣ್ಣು ತೋರುಸ್ಬೋದು. ತಲೇನೂ ತೋರ್ಸಣ. ಅಲ್ಲಿಗಂಟ ಮಕ್ಳನ್ನ ಹತ್ತುಸ್ಬ್ಯಾಡಿ."

"ನಂಗೇನಾಗೈತೆ?"

"ಎಡಗಡೆ ಸರ್ಯಾಗಿ ಕಾಣ್ತೈತಾ ನಿಮ್ಗೆ?"

"ಚೈತ್ರಾ ಬಂದಿದ್ಲಾ?" ಅವನ ದನಿ ಗಡುಸಾಯಿತು. "ಅವ್ಳ ಗೇಟೇ ರೋಡ್ಗೆ ಬಂದದೆ. ಅದ್ಕೆ ನಾನು ಕುರುಡ ಆಗೋದ್ನಾ? ಒಂದು ದಿನ ಗಾಡಿ ನಿಲ್ಸಿ ನೋಡು. ಮಾರನೇ ದಿನ ಎಲ್ಲಾ ಮಕ್ಳೂ ಬೇರೆ ವ್ಯಾನ್ ಹತ್ತಿರ್ತವೆ. ಕೆಂಪರಾಜಂಗೆ ಕಣ್ಣಿಲ್ಲ ಅಂತ ಒಂದು ಮಾತು ಎದ್ರೆ ಸಾಕು, ಸಾಯೋಗಂಟ ಅದೇ ಹೆಸ್ರು." ಅವನು ಬಟ್ಟೆಯನ್ನು ಕೊಡವಿ ಭುಜಕ್ಕೆ ಹಾಕಿಕೊಂಡ. "ಬಾ. ಎಂಗೂ ಬೂಸಾ ತರ್ಬೇಕಲ್ಲ. ಸೋಲೂರ್ಗಂಟ ನೀನೇ ಮುಂದೆ ಕೂತ್ಕೊ. ನೋಡ್ಬುಟ್ಟು ಆಮೇಲೆ ಏಳು."

ಲತಾಮಣಿಗೆ ಭಯವಾಯಿತು. ಆದರೂ ನಾಳೆ ಎಂಟು ಮಕ್ಕಳನ್ನು ಹೊತ್ತು ಹೋಗುವುದಕ್ಕಿಂತ ಇವತ್ತು ತಾನೊಬ್ಬಳು ಕೂತು ನೋಡುವುದು ಮೇಲು ಅನಿಸಿತು. ಚೈತ್ರಾಗೆ ಏನಾದರೂ ಒಂದು ಹೇಳಲೇಬೇಕಲ್ಲ. "ನೀನು ಅಜ್ಜಿ ಹತ್ರ ಇರು" ಎಂದು ಮಗಳಿಗೆ ಹೇಳಿ ಮುಂದಿನ ಸೀಟಿಗೆ ಹತ್ತಿದಳು. ಗಾಡಿ ಹೊರಡುವಷ್ಟರಲ್ಲಿ ಹಿಂದಿನ ಬಾಗಿಲು ದಡಕ್ಕನೆ ಸರಿಯಿತು. ನವ್ಯ ಒಳಗೆ ಹಾರಿ ಕೂತಿದ್ದಳು. "ನಾನೂ ಬತ್ತೀನಿ" ಅಂದಳು. ಇಳಿ ಅಂದರೆ ಇಳಿಯುವ ಮುಖವಲ್ಲ ಅದು. ಕೆಂಪರಾಜು ಆಗಲೇ ಗಾಡಿ ಎತ್ತಿದ್ದ.

ಊರು ದಾಟುವವರೆಗೆ ಅವನು ಚೆನ್ನಾಗಿಯೇ ಓಡಿಸಿದ. ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟ, ಹಳ್ಳ ತಪ್ಪಿಸಿದ, "ಏನಮ್ಮಿ, ಕಾಣ್ತಾ ಇಲ್ವಾ ನಂಗೆ?" ಎಂದು ಒಮ್ಮೆ ನಕ್ಕ. ಅವಳೂ ನಗಲು ನೋಡಿದಳು. ಅವನ ತಲೆ ಮಾತ್ರ ಒಂದೇ ಸಮ ಎಡಕ್ಕೆ ಹೊರಳಿ ವಾಪಸ್ಸು ಬರುತ್ತಿತ್ತು. ಹಿಂದಿನ ಸೀಟಿನಿಂದ ಮಗಳ ಉಸಿರು ಅವಳ ಕುತ್ತಿಗೆಗೆ ತಾಕುತ್ತಿತ್ತು. ಹುಡುಗಿ ಎರಡು ಸೀಟಿನ ನಡುವೆ ತಲೆ ತೂರಿಸಿಕೊಂಡು, ತುಟಿ ಬಿಗಿಹಿಡಿದು, ಕಣ್ಣು ಮಿಟುಕಿಸದೆ ರಸ್ತೆಯ ಎಡಗಡೆಯನ್ನೇ ನೋಡುತ್ತಿದ್ದಳು. ಹತ್ತು ವರ್ಷದ ಮಗುವಿನ ಮುಖದಲ್ಲಿ ಆ ದಣಿವು ಹೇಗೆ ಬಂತು ಎಂದು ಲತಾಮಣಿ ತಿರುಗಿ ನೋಡುತ್ತಲೇ ಇದ್ದಳು.

ತೆಂಗಿನ ತೋಟಗಳು ಶುರುವಾಗುವಲ್ಲಿ ಎಡಗಡೆಯಿಂದ ಒಂದು ಗಾಡಿದಾರಿ ಬಂದು ರಸ್ತೆಗೆ ಸೇರುತ್ತದೆ. ಆ ದಾರಿಯಲ್ಲಿ ಬೋರಲಿಂಗಯ್ಯ ಬರುತ್ತಿದ್ದರು. ಪಕ್ಕದೂರಿನ ಮುದುಕ. ಮೊಪೆಡ್ಡಿನ ಹಿಂದೆ ತಮಗಿಂತ ಎತ್ತರದ ಹಸಿಹುಲ್ಲಿನ ಹೊರೆ. ಲತಾಮಣಿ ಅವರನ್ನು ಕಂಡಳು. ಗಂಡನೂ ಕಂಡಿರುತ್ತಾನೆ, ಈಗ ಬ್ರೇಕು ಹಾಕುತ್ತಾನೆ ಅಂದುಕೊಂಡಳು. ಹೊರೆ ಹತ್ತಿರವಾಯಿತು. ಈಗ ಹಾಕುತ್ತಾನೆ. ಅವನು ನೆಟ್ಟಗೆ ಮುಂದೆ ನೋಡುತ್ತ, ನಾಳೆ ಬೆಳಿಗ್ಗೆ ಡೀಸೆಂಟಾಗಿ ಗಾಡಿ ತಗೊಂಡೋದ್ರೆ ಚೈತ್ರಾನೇ ಸುಮ್ಮನಾಗ್ತಾಳೆ ಎಂದೇನೋ ಹೇಳುತ್ತಿದ್ದ. ಅವಳು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನವ್ಯ ಕೂಗಿದಳು.

"ಲೆಫ್ಟು! ಅಪ್ಪಾ ಲೆಫ್ಟು, ಓಲ್ಡಾನ್!"

ಗಾಡಿ ಕಿರುಚಿಕೊಂಡು ನಿಂತಿತು. ಲತಾಮಣಿಯ ಹಣೆ ಮುಂದಿನ ಗಾಜಿಗೆ ಬಡಿಯಿತು. ಬಂಪರಿಗೂ ಮೊಪೆಡ್ಡಿಗೂ ನಡುವೆ ಒಂದು ಆಳು ಕೂಡ ನಿಲ್ಲುವಂತಿರಲಿಲ್ಲ. ಬೋರಲಿಂಗಯ್ಯ ಕಾಲು ಊರಿ, ಗಾಡಿ ಬೀಳದಂತೆ ಹಿಡಿದುಕೊಂಡರು. ಅರ್ಧ ಹೊರೆ ಜಾರಿ ರಸ್ತೆಗೆ ಬಿದ್ದಿತ್ತು.

"ಏನ್ಲಾ ಕೆಂಪರಾಜ, ಕಣ್ಣು ಮುಚ್ಕೊಂಡು ಓಡುಸ್ತಿಯೇನ್ಲಾ?" ಎಂದು ಕೂಗಿದರು. "ಇಷ್ಟು ದೊಡ್ಡ ಹೊರೆ ಕಾಣ್ದಿದ್ ಮೇಲೆ ನಾನೆಲ್ಲಿ ಕಾಣ್ತೀನಿ? ಮಕ್ಳನ್ನ ಬೇರೆ ತುಂಬ್ಕೊಂಡು ಓಯ್ತೀಯಲ್ಲೋ, ಮನೆ ಕಾಯೋಗ!"

"ತಪ್ಪಾಯ್ತು ಬುಡಿ ಮಾವ, ಬ್ರೇಕು ಒಸಿ ಲೂಸಾಗೈತೆ" ಎಂದ ಕೆಂಪರಾಜು. ಇಳಿದು ಹುಲ್ಲು ಎತ್ತಿ ಹೊರೆಗೆ ಕಟ್ಟಿಕೊಟ್ಟ. ಮುದುಕರು ಗೊಣಗುತ್ತ ಹೊರಟುಹೋದರು. ಅವನು ಬಂದು ಸೀಟಿನಲ್ಲಿ ಕೂತ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಬ್ರೇಕು ಸರ್ಯಾಗೇ ಐತೆ" ಎಂದಳು ಲತಾಮಣಿ. "ಗಾಡಿ ತಿರುಗ್ಸಿ. ಮೆತ್ತಗೆ ಮನೆ ಸೇರ್ಕೊಳಣ. ನಾಳೆ ಮಕ್ಳು ಈ ಗಾಡಿ ಹತ್ತಕ್ಕಿಲ್ಲ. ಚೈತ್ರಾಗೆ ನಾನೇ ಏಳ್ತೀನಿ."

"ನಂಗ್ ಕಂಡಿತ್ತು ಕಣಮ್ಮಿ!" ಅವನು ಸ್ಟೇರಿಂಗಿಗೆ ಗುದ್ದಿದ. "ಹಾಕ್ತಾ ಇದ್ದೆ ಬ್ರೇಕು. ಇವ್ಳು ಕಿವಿ ಹತ್ರ ಕಿರುಚಿದ್ದಕ್ಕೇ ಗಾಬರಿ ಆಗಿದ್ದು." ಹಿಂದಕ್ಕೆ ತಿರುಗಿ ಮಗಳತ್ತ ಬೆರಳು ಚಾಚಿದ. ಅವಳ ಮೇಲೆ ಎಂದೂ ದನಿ ಎತ್ತಿದವನಲ್ಲ ಅವನು. "ಸಾಕು ನಿನ್ ಕಂಡಕ್ಟರ್ ಆಟ. ನಾಳೆಯಿಂದ ನೀನು ಮುಂದೆ ಕೂರ್ಬ್ಯಾಡ. ಹಿಂದೆ ಎಲ್ಲಾರ್ ಜೊತೆ ಬಾಯ್ ಮುಚ್ಕೊಂಡು ಕೂತ್ಕೊ. ಅರ್ಥ ಆಯ್ತಾ?"

ನವ್ಯ ಅಪ್ಪನ ಬೆರಳನ್ನು ನೋಡಿದಳು, ಆಮೇಲೆ ಅಮ್ಮನ ಹಣೆಯ ಮೇಲೆ ಉಬ್ಬುತ್ತಿದ್ದ ಬುಗುಟನ್ನು ನೋಡಿದಳು. ಲತಾಮಣಿ ಸೀಟಿನ ಮೇಲಿಂದ ಕೈ ಹಿಂದಕ್ಕೆ ಚಾಚಿದಳು. ಮಗಳು ಆ ಕೈಯ ಒಂದು ಬೆರಳನ್ನು ಹಿಡಿದುಕೊಂಡು, ತೋಟದ ಕಡೆಗೊಮ್ಮೆ ಕಣ್ಣು ಹಾಯಿಸಿ, ಹಿಂದಕ್ಕೆ ತಿರುಗಿದ್ದ ಅಪ್ಪನ ಬಲಗೈ ಕಡೆಗೆ, ಅವನಿಗೆ ಕಾಣುವ ಕಡೆಗೆ, ಸರಿದು ಕೂತಳು.

"ಅಪ್ಪಾ," ಎಂದಳು. "ನಾನು ಏಳ್ದೇ ಇದ್ದಿದ್ರೆ, ಆ ತಾತ ನಿಂಗೆ ಕಾಣ್ತಿತ್ತಾ?"